ಬೆಂಗಳೂರಿನ ಪ್ರಯೋಗಶಾಲೆಯಿಂದ ದೇಶದ ಎಲೆಕ್ಟ್ರಾನಿಕ್ಸ್ ಯೋಜನೆಗೆ: ಹೋಮಿ ಭಾಭಾ ಹಾಕಿಕೊಟ್ಟ ಲೆಕ್ಕ

ಹೋಮಿ ಜಹಾಂಗೀರ್ ಭಾಭಾ ಎಂದೊಡನೆ ಎಲ್ಲರ ನೆನಪಿಗೆ ಬರುವುದು ಅಣುಶಕ್ತಿ. ಟ್ರಾಂಬೆಯ ಗುಮ್ಮಟ, ಅಪ್ಸರಾ ಸ್ಥಾವರ, ಮೂರು ಹಂತಗಳ ಥೋರಿಯಂ ಯೋಜನೆ, ಕೊನೆಗೆ ಆಲ್ಪ್ಸ್ ಪರ್ವತದ ವಿಮಾನ ದುರಂತ. ಶಾಲಾ ಪಠ್ಯಗಳು ಹೇಳುವ ಕಥೆಯೂ ಇಷ್ಟೇ. ಆದರೆ ಅವರ ಬದುಕಿನಲ್ಲಿ ಇನ್ನೊಂದು ಎಳೆಯುಂಟು. ಒಂದು ಯಂತ್ರದ ಒಳಗೇ ಕುಳಿತು, ಅದರ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ಅಳೆದು, ನಿಗದಿತ ಕಾಲದೊಳಗೆ ತೀರ್ಮಾನ ಕೈಗೊಳ್ಳುವ ವಿದ್ಯುನ್ಮಾನ ವ್ಯವಸ್ಥೆಗಳನ್ನು ಇಂದು ಎಂಬೆಡೆಡ್ ವ್ಯವಸ್ಥೆಗಳೆಂದೂ ರಿಯಲ್ ಟೈಮ್ ವ್ಯವಸ್ಥೆಗಳೆಂದೂ ಕರೆಯುತ್ತಾರೆ. ಈ ಹೆಸರುಗಳು ಚಾಲ್ತಿಗೆ ಬರುವ ಮೊದಲೇ ಅಂತಹ ವ್ಯವಸ್ಥೆಗಳನ್ನು ಬಡ ದೇಶವೊಂದು ತಾನೇ ಕಟ್ಟಬೇಕೆ, ಕಟ್ಟುವುದಾದರೆ ಸರ್ಕಾರದ ಹಣವನ್ನು ಯಾರ ಕೈಗೆ, ಎಷ್ಟು ವರ್ಷಗಳ ಮಟ್ಟಿಗೆ, ಯಾವ ಭರವಸೆಯ ಮೇಲೆ ಕೊಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ಭಾಭಾ. ಆ ಉತ್ತರದ ಫಲವನ್ನೂ ಅದರ ಕೊರತೆಯನ್ನೂ ದೇಶ ಎರಡನ್ನೂ ಅನುಭವಿಸಿತು.

ಮೈಸೂರಿನ ನಂಟು

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಅನುಕೂಲಸ್ಥ ಪಾರ್ಸಿ ಮನೆತನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಅವರ ಅಜ್ಜ ಹಾರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಸೋದರತ್ತೆ ಮೆಹರ್‌ಬಾಯಿ ಸರ್ ದೊರಾಬ್ಜಿ ಟಾಟಾ ಅವರ ಪತ್ನಿ. ತಂದೆ ಜಹಾಂಗೀರ್ ವಕೀಲರು. ಹೀಗೆ ಒಂದು ಕಡೆ ಕನ್ನಡ ನಾಡಿನ ಶಿಕ್ಷಣ ಪರಂಪರೆ, ಇನ್ನೊಂದು ಕಡೆ ದೇಶದ ಅತಿ ದೊಡ್ಡ ಉದ್ಯಮ ಮನೆತನ, ಎರಡರ ನಂಟೂ ಬಾಲಕನಿಗೆ ಹುಟ್ಟಿನಿಂದಲೇ ಬಂದಿತ್ತು.

ಮಗ ಎಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಹಿರಿಯರ ಅಪೇಕ್ಷೆ. 1927ರಲ್ಲಿ ಕೇಂಬ್ರಿಡ್ಜ್ ಸೇರಿದ ಹೋಮಿಯ ಮನಸ್ಸು ಮಾತ್ರ ಭೌತಶಾಸ್ತ್ರದ ಕಡೆಗಿತ್ತು. ಮೊದಲು ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಬರಲಿ, ಅನಂತರ ಗಣಿತ ಓದಲಿಕ್ಕೆ ಅಡ್ಡಿಯಿಲ್ಲ ಎಂದು ತಂದೆ ಒಪ್ಪಿದರು. 1930ರಲ್ಲಿ ಮೆಕ್ಯಾನಿಕಲ್ ವಿಷಯದಲ್ಲಿಯೂ 1932ರಲ್ಲಿ ಗಣಿತದಲ್ಲಿಯೂ ಮಗ ಪ್ರಥಮ ದರ್ಜೆ ಗಳಿಸಿದ. 1935ರಲ್ಲಿ ಡಾಕ್ಟರೇಟ್ ಬಂತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯ ಕುರಿತ ಅವರ ಲೆಕ್ಕ ಇಂದಿಗೂ ಭಾಭಾ ಚದುರುವಿಕೆ ಎಂಬ ಹೆಸರಿನಿಂದ ಬಳಕೆಯಲ್ಲಿದೆ. 1937ರಲ್ಲಿ ಹೈಟ್ಲರ್ ಅವರೊಡನೆ ರೂಪಿಸಿದ ಕಾಸ್ಮಿಕ್ ಕಿರಣಗಳ ಮಳೆಯ ಸಿದ್ಧಾಂತವು ಅವರಿಗೆ ಯೂರೋಪಿನ ಪ್ರಥಮ ಪಂಕ್ತಿಯಲ್ಲಿ ಸ್ಥಾನ ಕೊಟ್ಟಿತು. ಎಂಜಿನಿಯರಿಂಗ್ ಓದು ವ್ಯರ್ಥವಾಯಿತೆಂದು ಆಗ ಅನೇಕರಿಗೆ ತೋರಿದ್ದಿರಬಹುದು. ಆದರೆ ಯಂತ್ರಗಳ ಭಾಷೆ ಬಲ್ಲ ಸಿದ್ಧಾಂತಿಯೊಬ್ಬ ಮುಂದೆ ದೇಶಕ್ಕೆ ಬೇಕಾಗಿದ್ದ.

ಯುದ್ಧ ತಂದ ತಿರುವು

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದ ಭಾಭಾ ಅವರಿಗೆ ಎರಡನೆಯ ಮಹಾಯುದ್ಧ ಹಿಂದಿರುಗುವ ದಾರಿಯನ್ನು ಮುಚ್ಚಿತು. ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಭಾಭಾ ಅಲ್ಲಿ ರೀಡರ್ ಆಗಿ ಸೇರಿದರು. ದೊರಾಬ್ಜಿ ಟಾಟಾ ಟ್ರಸ್ಟ್‌ನ ನೆರವಿನಿಂದ ಕಾಸ್ಮಿಕ್ ಕಿರಣ ಸಂಶೋಧನಾ ಘಟಕವೊಂದು ರೂಪುಗೊಂಡಿತು. 1941ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಚಿತ್ರಕಲೆ, ಪಾಶ್ಚಾತ್ಯ ಸಂಗೀತ, ವಾಸ್ತುಶಿಲ್ಪ, ಉದ್ಯಾನ ಎಲ್ಲದರಲ್ಲಿಯೂ ಪರಿಣತಿ ತೋರುತ್ತಿದ್ದ ಈ ತರುಣನನ್ನು ರಾಮನ್ ಅವರು ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿದ್ದುಂಟು. ಮುಂದೆ ವಿಶ್ವವಿಖ್ಯಾತ ಗಣಿತಜ್ಞರಾದ ಹರೀಶ್‌ಚಂದ್ರ ಆಗ ಇಲ್ಲಿ ಭಾಭಾ ಅವರೊಡನೆ ದುಡಿದರು. ವಿಕ್ರಂ ಸಾರಾಭಾಯಿ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲಿಯೇ.

ಸಿದ್ಧಾಂತಿ ಉಪಕರಣಗಳ ಕಡೆಗೆ ತಿರುಗಿದ್ದು ಈ ಊರಿನಲ್ಲಿ. ಕಾಸ್ಮಿಕ್ ಕಿರಣಗಳನ್ನು ಹಿಡಿಯಲು ಗೈಗರ್ ಕೌಂಟರ್‌ಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಎಲ್ಲ ಕೌಂಟರ್‌ಗಳಿಂದಲೂ ಏಕಕಾಲಕ್ಕೆ ಸಂಕೇತ ಬಂದರೆ ಮಾತ್ರ ಒಂದು ಕಣ ನೇರವಾಗಿ ಹಾದುಹೋಯಿತೆಂದು ಅರ್ಥ. ಈ ಏಕಕಾಲಿಕತೆಯನ್ನು ಕ್ಷಣದ ಅತಿ ಸಣ್ಣ ಭಾಗದೊಳಗೆ ನಿರ್ಣಯಿಸುವ ಮಂಡಲವನ್ನು ರೇಡಿಯೋ ವಾಲ್ವ್‌ಗಳಿಂದ ಕಟ್ಟಬೇಕು. ಯುದ್ಧಕಾಲದಲ್ಲಿ ಹೊರಗಿನಿಂದ ಏನೂ ಬರುವಂತಿರಲಿಲ್ಲ. ಕೈಗೆ ಸಿಕ್ಕಿದ ಭಾಗಗಳಿಂದಲೇ ಕೆಲಸ ಸಾಗಬೇಕಿತ್ತು. ಬೆಂಗಳೂರಿನಲ್ಲಿದ್ದ ಅಮೆರಿಕನ್ ವಾಯುಪಡೆಯ ವಿಮಾನಗಳಲ್ಲಿ ಈ ಉಪಕರಣಗಳನ್ನು ಬಹು ಎತ್ತರಕ್ಕೆ ಒಯ್ದು ಅಳತೆ ಮಾಡಲಾಯಿತು. ಕಣ ಹಾದುಹೋಗುವ ಹೊತ್ತಿಗೆ ಮಂಡಲ ಉತ್ತರಿಸದಿದ್ದರೆ ಆ ಅಳತೆ ನಷ್ಟವಾದಂತೆಯೇ. ತಡವಾಗಿ ಬಂದ ಸರಿ ಉತ್ತರಕ್ಕೂ ಅಲ್ಲಿ ಬೆಲೆಯಿಲ್ಲ. ರಿಯಲ್ ಟೈಮ್ ವ್ಯವಸ್ಥೆಗಳ ಮೂಲತತ್ವ ಇದೇ.

ವ್ಯಕ್ತಿ ಮೊದಲು, ಕಟ್ಟಡ ಅನಂತರ

1944ರ ಮಾರ್ಚ್ 12ರಂದು ಭಾಭಾ ದೊರಾಬ್ಜಿ ಟಾಟಾ ಟ್ರಸ್ಟ್‌ಗೆ ಒಂದು ದೀರ್ಘ ಪತ್ರ ಬರೆದರು. ಮೂಲಭೂತ ವಿಜ್ಞಾನಕ್ಕೆ ಉನ್ನತ ಮಟ್ಟದ ಸಂಸ್ಥೆಯೊಂದು ಬೇಕು, ಅಣುಶಕ್ತಿಯು ವಿದ್ಯುತ್ ಉತ್ಪಾದನೆಗೆ ಒದಗುವ ದಿನ ಬಂದಾಗ ತಜ್ಞರಿಗಾಗಿ ದೇಶ ಹೊರಗೆ ಕೈಚಾಚುವಂತಾಗಬಾರದು ಎಂಬುದು ಅದರ ಸಾರ. ಹಿರೋಷಿಮಾಗಿಂತ ಒಂದೂವರೆ ವರ್ಷ ಮುಂಚಿನ ಮಾತಿದು. ಟ್ರಸ್ಟ್ ಒಪ್ಪಿತು; ಮುಂಬಯಿ ಸರ್ಕಾರವೂ ಕೇಂದ್ರವೂ ಕೈಜೋಡಿಸಿದವು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಕೆಲಸ ಆರಂಭಿಸಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು. ಖಾಸಗಿ ದತ್ತಿ, ಪ್ರಾಂತ ಸರ್ಕಾರ, ಕೇಂದ್ರ ಸರ್ಕಾರ ಈ ಮೂರೂ ಒಟ್ಟಾಗಿ ಸಂಶೋಧನೆಗೆ ಹಣ ನೀಡುವ ಏರ್ಪಾಡು ಅಂದಿನ ಭಾರತಕ್ಕೆ ಹೊಸದು.

ಹಣ ಹಂಚುವುದರಲ್ಲಿ ಭಾಭಾ ಅವರ ಕ್ರಮವೂ ಭಿನ್ನವಾಗಿತ್ತು. ಮೊದಲು ವಿಷಯಗಳ ಪಟ್ಟಿ, ಅನಂತರ ಕಟ್ಟಡ, ಆಮೇಲೆ ಹುದ್ದೆಗಳ ಮಂಜೂರಾತಿ, ಕಡೆಯಲ್ಲಿ ಜನರ ನೇಮಕ ಎಂಬುದು ಸರ್ಕಾರಿ ರೂಢಿ. ಭಾಭಾ ಇದನ್ನು ತಲೆಕೆಳಗು ಮಾಡಿದರು. ಸಮರ್ಥನೊಬ್ಬ ಸಿಕ್ಕಿದರೆ ಅವನ ಸುತ್ತ ಗುಂಪು ಬೆಳೆಯಲಿ, ಗುಂಪು ಬೆಳೆದಷ್ಟು ಹಣ ಬೆಳೆಯಲಿ, ಸಮರ್ಥನಿಲ್ಲದ ವಿಷಯಕ್ಕೆ ಹುದ್ದೆ ಖಾಲಿಯಿದ್ದರೂ ಚಿಂತೆಯಿಲ್ಲ ಎಂಬುದು ಅವರ ನೀತಿ. ಎಲೆಕ್ಟ್ರಾನಿಕ್ಸ್ ಗುಂಪು ಬೆಳೆದದ್ದು ಹೀಗೆಯೇ. ಸ್ಟ್ಯಾನ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಅಯ್ಯಗಾರಿ ಸಾಂಬಶಿವರಾವ್ ಅವರ ಕೈಗೆ ಅದನ್ನು ಒಪ್ಪಿಸಲಾಯಿತು. ಕಾಸ್ಮಿಕ್ ಕಿರಣ ಪ್ರಯೋಗಗಳಿಗೆ ಎಣಿಕೆ ಮಂಡಲಗಳನ್ನು ಕಟ್ಟಿಕೊಡುತ್ತಿದ್ದ ಸಣ್ಣ ತಂಡವದು. ಅದರ ಮೇಲೆ ಮಾಡಿದ ಖರ್ಚು ಮುಂದೆ ಯಾವುದಕ್ಕೆ ಒದಗುವುದೆಂದು ಆಗ ಯಾವ ಹಣಕಾಸು ಅಧಿಕಾರಿಯೂ ಊಹಿಸುವಂತಿರಲಿಲ್ಲ.

ಅಪ್ಸರಾ ಎಂಬ ಪರೀಕ್ಷೆ

1948ರ ಆಗಸ್ಟ್‌ನಲ್ಲಿ ಅಣುಶಕ್ತಿ ಆಯೋಗ ರಚನೆಯಾಯಿತು. ಭಾಭಾ ಅಧ್ಯಕ್ಷರು, ಕೆ.ಎಸ್. ಕೃಷ್ಣನ್ ಮತ್ತು ಶಾಂತಿಸ್ವರೂಪ ಭಟ್ನಾಗರ್ ಸದಸ್ಯರು. 1954ರಲ್ಲಿ ಟ್ರಾಂಬೆಯ ಸಂಸ್ಥೆಯೂ ಪ್ರಧಾನಿಯವರ ನೇರ ಅಧೀನದ ಅಣುಶಕ್ತಿ ಇಲಾಖೆಯೂ ಸ್ಥಾಪನೆಗೊಂಡವು. ಮರುವರ್ಷ ದೇಶದ ಮೊದಲ ಸಂಶೋಧನಾ ರಿಯಾಕ್ಟರನ್ನು ಕಟ್ಟುವ ನಿರ್ಧಾರವಾಯಿತು. ಅದೇ 1955ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಅಣುಶಕ್ತಿಯ ಶಾಂತಿಯುತ ಬಳಕೆಯ ವಿಶ್ವ ಸಮ್ಮೇಳನಕ್ಕೆ ಭಾಭಾ ಅವರೇ ಅಧ್ಯಕ್ಷರು.

ಇಂಧನ ಬ್ರಿಟನ್ನಿನಿಂದ ಬರಲಿತ್ತು. ಹಾಗಿದ್ದರೆ ನಿಯಂತ್ರಣ ವ್ಯವಸ್ಥೆಯನ್ನೂ ಅಲ್ಲಿಂದಲೇ ತರಿಸಿಕೊಂಡರಾಗದೆ ಎಂದು ಕೇಳುವವರಿಗೆ ಕಾರಣಗಳಿದ್ದವು. ರಿಯಾಕ್ಟರಿನ ಒಳಗೆ ನ್ಯೂಟ್ರಾನ್‌ಗಳ ಸಂಖ್ಯೆ ಏರುವ ವೇಗವನ್ನು ಎಡೆಬಿಡದೆ ಅಳೆಯುತ್ತಿರಬೇಕು. ಏರಿಕೆ ಮಿತಿ ಮೀರಿದ ತತ್‌ಕ್ಷಣ ನಿಯಂತ್ರಣ ಸರಳುಗಳು ತಾವಾಗಿಯೇ ಕೆಳಗಿಳಿದು ಸರಪಳಿ ಕ್ರಿಯೆಯನ್ನು ನಿಲ್ಲಿಸಬೇಕು. ಮನುಷ್ಯ ನೋಡಿ, ಯೋಚಿಸಿ, ಗುಂಡಿ ಒತ್ತುವಷ್ಟು ಕಾಲಾವಕಾಶವನ್ನು ನೆಚ್ಚಿಕೊಳ್ಳುವಂತಿಲ್ಲ. ಒಂದು ವಾಲ್ವ್ ಕೆಟ್ಟರೂ ವ್ಯವಸ್ಥೆ ಸುರಕ್ಷಿತ ಸ್ಥಿತಿಗೇ ಬರುವಂತಿರಬೇಕು. ಇಂತಹ ಕೆಲಸವನ್ನು ಹೊಸಬರ ಕೈಗೆ ಕೊಡುವುದು ಧೈರ್ಯದ ಮಾತೇ ಸರಿ. ಆದರೆ ಹೊರಗಿನಿಂದ ತಂದ ಪೆಟ್ಟಿಗೆಯೊಳಗೆ ಏನಿದೆಯೆಂದು ಅರಿಯದವರು ಮುಂದಿನ ಸ್ಥಾವರವನ್ನೂ ಹೊರಗಿನಿಂದಲೇ ತರಬೇಕಾಗುತ್ತದೆ ಎಂಬುದು ಭಾಭಾ ಅವರ ತರ್ಕವಾಗಿತ್ತು. ಸಾಂಬಶಿವರಾವ್ ಅವರ ತಂಡ ನಿಯಂತ್ರಣ ಉಪಕರಣಗಳನ್ನು ಇಲ್ಲಿಯೇ ಕಟ್ಟಿತು.

1956ರ ಆಗಸ್ಟ್ 4ರ ಮಧ್ಯಾಹ್ನ ಈಜುಕೊಳದ ಮಾದರಿಯ ಆ ರಿಯಾಕ್ಟರ್ ಸ್ವಯಂಚಾಲನೆಯ ಸ್ಥಿತಿ ತಲುಪಿತು. 1957ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅಪ್ಸರಾ ಎಂಬ ಹೆಸರು ಅವರು ಕೊಟ್ಟದ್ದೇ. ಅಪ್ಸರಾ 2009ರವರೆಗೆ ಸೇವೆ ಸಲ್ಲಿಸಿತು. 2018ರಲ್ಲಿ ಅದರ ನವೀಕೃತ ರೂಪ ಚಾಲನೆಗೊಂಡಿತು. ಆ ದಿನ ಪರೀಕ್ಷೆಗೊಳಗಾದದ್ದು ಒಂದು ರಿಯಾಕ್ಟರ್ ಮಾತ್ರವಲ್ಲ. ಹಣ ನೀಡುವ ಒಂದು ಪದ್ಧತಿಯೂ ಜೊತೆಗೇ ಪರೀಕ್ಷೆಗೊಳಗಾಗಿ ಉತ್ತೀರ್ಣವಾಯಿತು. ಮೂಲಭೂತ ವಿಜ್ಞಾನಕ್ಕೆಂದು ಬೆಳೆಸಿದ ಕುಶಲತೆಯನ್ನು ನಿಶ್ಚಿತ ಯಂತ್ರವೊಂದಕ್ಕೆ, ನಿಶ್ಚಿತ ಗಡುವಿಗೆ ಕಟ್ಟಿಹಾಕಿದರೆ ಸಂಶೋಧನೆ ಕಡತದಲ್ಲಿ ಉಳಿಯುವುದಿಲ್ಲ ಎಂಬುದು ಸಿದ್ಧವಾಯಿತು.

ಗಣಕವೊಂದರ ಪಾಠ

ಇದೇ ಕಾಲದಲ್ಲಿ ಟಾಟಾ ಸಂಸ್ಥೆಯಲ್ಲಿ ಇನ್ನೊಂದು ಸಾಹಸ ನಡೆದಿತ್ತು. ಕಲ್ಕತ್ತೆಯಲ್ಲಿ ಮಹಲನೋಬಿಸ್ ಅವರ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಬ್ರಿಟಿಷ್ ಗಣಕವೊಂದನ್ನು ಕೊಂಡು ತಂದಿತು. ಮುಂಬಯಿ ತಾನೇ ಗಣಕ ಕಟ್ಟಲು ಹೊರಟಿತು. ಆರ್. ನರಸಿಂಹನ್ ನೇತೃತ್ವದ ತರುಣರ ತಂಡದಲ್ಲಿ ಯಾರೂ ಅದಕ್ಕೂ ಮುನ್ನ ಗಣಕವೊಂದನ್ನು ವಿನ್ಯಾಸಗೊಳಿಸಿದವರಲ್ಲ. 1956ರ ಹೊತ್ತಿಗೆ ಪ್ರಾಯೋಗಿಕ ಯಂತ್ರ ಕೆಲಸ ಮಾಡಿತು. ಪೂರ್ಣ ಪ್ರಮಾಣದ ಗಣಕ 1960ರಲ್ಲಿ ಬಳಕೆಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ವಾಲ್ವ್‌ಗಳು, ಫೆರೈಟ್ ಉಂಗುರಗಳ 2048 ಪದಗಳ ನೆನಪಿನಕೋಶ. 1962ರಲ್ಲಿ ನೆಹರೂ ಅದಕ್ಕೆ ಟಿಫ್‌ರಾಕ್ ಎಂದು ಹೆಸರಿಟ್ಟರು.

ಆದರೆ ಪಾಠ ಎರಡು ಬಗೆಯದಾಗಿತ್ತು. ಇಲ್ಲಿ ವಾಲ್ವ್‌ಗಳ ಗಣಕ ಸಿದ್ಧವಾಗುವಷ್ಟರಲ್ಲಿ ಹೊರದೇಶಗಳಲ್ಲಿ ಟ್ರಾನ್ಸಿಸ್ಟರ್ ಯುಗ ಆರಂಭವಾಗಿತ್ತು. 1964ರಲ್ಲಿ ಅದೇ ಸಂಸ್ಥೆ ಅಮೆರಿಕದ ನೆರವಿನಿಂದ ಸಿಡಿಸಿ 3600 ಎಂಬ ದೊಡ್ಡ ಯಂತ್ರವನ್ನು ತರಿಸಿಕೊಂಡಿತು. ಮನುಷ್ಯರು ಸಿದ್ಧರಾದರು, ಯಂತ್ರ ಹಳತಾಯಿತು. ಬಿಡಿಭಾಗಗಳ ಉದ್ಯಮ ದೇಶದಲ್ಲಿ ಬೆಳೆಯದೆ ಗಣಕವನ್ನು ಮಾತ್ರ ಕಟ್ಟಿದರೆ ಓಟದಲ್ಲಿ ಸದಾ ಹಿಂದೆಯೇ ಉಳಿಯಬೇಕಾಗುತ್ತದೆ ಎಂಬ ಅರಿವು ಮುಂದಿನ ಯೋಜನೆಯ ಕೇಂದ್ರಕ್ಕೆ ಬಂತು.

ಖರ್ಚಿನ ಅಧಿಕಾರ

1958ರ ಮಾರ್ಚ್ 1ರ ಸರ್ಕಾರಿ ನಿರ್ಣಯ ಭಾಭಾ ಅವರ ಆಡಳಿತ ಕೌಶಲಕ್ಕೆ ಉತ್ತಮ ನಿದರ್ಶನ. ಅದರಂತೆ ಅಣುಶಕ್ತಿ ಆಯೋಗಕ್ಕೆ ಆಡಳಿತ ಮತ್ತು ಹಣಕಾಸು ಎರಡರಲ್ಲಿಯೂ ವಿಶಾಲ ಅಧಿಕಾರ ದೊರೆಯಿತು. ಇಲಾಖೆಯ ಕಾರ್ಯದರ್ಶಿಯೇ ಆಯೋಗದ ಅಧ್ಯಕ್ಷ; ಹಣಕಾಸಿಗೆ ಆಯೋಗದೊಳಗೇ ಒಬ್ಬ ಸದಸ್ಯ. ಪ್ರತಿ ಉಪಕರಣಕ್ಕೂ ದೆಹಲಿಯ ಸಚಿವಾಲಯಗಳ ಮೇಜಿನಿಂದ ಮೇಜಿಗೆ ಕಡತ ಅಲೆಯುವ ಅಗತ್ಯ ತಪ್ಪಿತು. ಆಯೋಗದ ಕೇಂದ್ರವೂ ಮುಂಬಯಿಯಲ್ಲಿಯೇ ಉಳಿಯಿತು. ಸಂಸತ್ತು ಒಪ್ಪಿದ ಮುಂಗಡಪತ್ರದ ಮಿತಿಯೊಳಗೆ ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುವವರು ವಿಜ್ಞಾನಿಗಳೇ ಆದರು. 1957ರಲ್ಲಿ ಆರಂಭವಾದ ಟ್ರಾಂಬೆಯ ತರಬೇತಿ ಶಾಲೆ ವರ್ಷವರ್ಷವೂ ಎಂಜಿನಿಯರುಗಳನ್ನೂ ವಿಜ್ಞಾನಿಗಳನ್ನೂ ಸಿದ್ಧಪಡಿಸಿ ಈ ವ್ಯವಸ್ಥೆಗೆ ಒದಗಿಸಿತು.

ಈ ಸ್ವಾತಂತ್ರ್ಯಕ್ಕೆ ವಿರೋಧವೂ ಇತ್ತು. ಲೋಕಸಭೆಯ ಸದಸ್ಯರೂ ಆಗಿದ್ದ ಖ್ಯಾತ ವಿಜ್ಞಾನಿ ಮೇಘನಾದ ಸಹಾ ಅವರು ಅಣುಶಕ್ತಿ ಕಾರ್ಯಕ್ರಮದ ಗೋಪ್ಯತೆಯನ್ನೂ ಒಂದೇ ಕಡೆ ಅಧಿಕಾರ ಕ್ರೋಡೀಕರಣವಾಗುವುದನ್ನೂ ಕಟುವಾಗಿ ಟೀಕಿಸಿದರು. ಸಂಶೋಧನೆಯ ಸಹಜ ನೆಲೆ ವಿಶ್ವವಿದ್ಯಾನಿಲಯ, ಅಲ್ಲಿ ವಿದ್ಯಾರ್ಥಿಗಳ ನಡುವೆ ವಿಜ್ಞಾನ ಬೆಳೆಯಬೇಕು, ಹಣವೆಲ್ಲ ಕೆಲವೇ ಸಂಸ್ಥೆಗಳಿಗೆ ಹರಿದರೆ ಮಿಕ್ಕ ನೆಲ ಬರಡಾಗುತ್ತದೆ ಎಂಬುದು ಸಹಾ ಅವರ ನಿಲುವು. 1956ರಲ್ಲಿ ಅವರು ನಿಧನರಾದ ಮೇಲೆ ಅಷ್ಟೇ ತೂಕದ ವಿರೋಧ ದನಿ ಸಂಸತ್ತಿನಲ್ಲಿ ಕೇಳಿಬರಲಿಲ್ಲ. ಭಾಭಾ ಕಟ್ಟಿದ್ದು ಗಟ್ಟಿಯಾಗಿತ್ತು ಎನ್ನುವುದರಲ್ಲಿ ಎರಡು ಮಾತಿಲ್ಲ; ಸಹಾ ಮುಂಗಂಡ ಅಪಾಯವೂ ಸುಳ್ಳಾಗಲಿಲ್ಲ. ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಮುರುಕಲು ಉಪಕರಣಗಳ ಮುಂದೆ ಭೌತಶಾಸ್ತ್ರ ಕಲಿತ ತಲೆಮಾರುಗಳೇ ಅದಕ್ಕೆ ಸಾಕ್ಷಿ.

ಎಲೆಕ್ಟ್ರಾನಿಕ್ಸ್ ಸಮಿತಿ

1962ರ ಚೀನಾ ಯುದ್ಧ ದೇಶದ ದೌರ್ಬಲ್ಯಗಳನ್ನು ಬಯಲಿಗೆಳೆಯಿತು. ಅವುಗಳಲ್ಲಿ ಸಂಪರ್ಕ ಸಾಧನ ಮತ್ತು ರಾಡಾರ್‌ಗಳ ಕೊರತೆಯೂ ಒಂದು. ರಕ್ಷಣಾ ಎಲೆಕ್ಟ್ರಾನಿಕ್ಸ್‌ಗೆಂದು 1954ರಲ್ಲಿ ಫ್ರೆಂಚ್ ಸಹಯೋಗದೊಡನೆ ಬೆಂಗಳೂರಿನಲ್ಲಿ ಆರಂಭವಾಗಿದ್ದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇತ್ತಾದರೂ ಅಗತ್ಯಕ್ಕೆ ಅದೊಂದೇ ಸಾಲುವಂತಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಭಾಭಾ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿಯನ್ನು ನೇಮಿಸಿತು. ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದ ಎಸ್. ಭಗವಂತಂ, ವಿಕ್ರಂ ಸಾರಾಭಾಯಿ, ಸಾಂಬಶಿವರಾವ್ ಇತರ ಸದಸ್ಯರು. ಭಗವಂತಂ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಸಾರಾಭಾಯಿ ಅಲ್ಲಿ ರಾಮನ್ ಅವರ ಬಳಿ ಸಂಶೋಧನೆ ನಡೆಸಿದವರು. ಅಧ್ಯಕ್ಷರೂ ಸೇರಿ ಮೂವರಿಗೆ ಬೆಂಗಳೂರಿನ ಆ ಆವರಣದ ಋಣವಿತ್ತು.

ಸಮಿತಿ ಕೇವಲ ಶಿಫಾರಸುಗಳ ಪಟ್ಟಿ ತಯಾರಿಸಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ, ಎಂದರೆ 1975ರವರೆಗೆ, ದೇಶಕ್ಕೆ ಯಾವ ಯಾವ ವಿದ್ಯುನ್ಮಾನ ಉಪಕರಣ ಎಷ್ಟೆಷ್ಟು ಬೇಕಾದೀತು ಎಂದು ಅದು ಬಗೆಬಗೆಯಾಗಿ ಎಣಿಸಿತು. ರಕ್ಷಣೆ, ದೂರಸಂಪರ್ಕ, ಪ್ರಸಾರ, ಗಣಕ, ಕಾರ್ಖಾನೆಗಳ ನಿಯಂತ್ರಣ ಸಾಧನ, ವೈದ್ಯಕೀಯ ಉಪಕರಣ, ಮನೆಬಳಕೆಯ ರೇಡಿಯೋ ಎಲ್ಲವೂ ಅದರ ಪರಿಶೀಲನೆಗೆ ಒಳಪಟ್ಟವು. ಉಪಕರಣದಿಂದ ಹಿಂದಕ್ಕೆ ನಡೆದು ಬಿಡಿಭಾಗಕ್ಕೆ, ಬಿಡಿಭಾಗದಿಂದ ಕಚ್ಚಾವಸ್ತುವಿಗೆ, ಅಲ್ಲಿಂದ ತಜ್ಞರ ಅಗತ್ಯಕ್ಕೆ ಲೆಕ್ಕ ಇಳಿಯಿತು. ವಿದೇಶಿ ವಿನಿಮಯ ಬಂಗಾರಕ್ಕೆ ಸಮನಾಗಿದ್ದ ಕಾಲವದು. ಎಲೆಕ್ಟ್ರಾನಿಕ್ಸ್ ಅನ್ನು ವಿಲಾಸದ ವಸ್ತುವೆಂದು ಬಗೆಯದೆ, ಉಕ್ಕು ಮತ್ತು ವಿದ್ಯುತ್ತಿನ ಹಾಗೆ ಉಳಿದೆಲ್ಲ ಉದ್ಯಮಗಳನ್ನೂ ನಡೆಸುವ ಶಕ್ತಿಯೆಂದು ನೋಡಬೇಕೆಂಬುದು ವರದಿಯ ಮುಖ್ಯ ಪ್ರತಿಪಾದನೆ.

ಸಂಶೋಧನೆಗೆ ಹಣ ಕೊಡುವ ವಿಚಾರದಲ್ಲಿ ಅದರ ನಿಲುವು ಸ್ಪಷ್ಟವಾಗಿತ್ತು. ಒಂದು ಸ್ಥಾವರಕ್ಕೋ ಕಾರ್ಖಾನೆಗೋ ವಿದೇಶಿ ಸಹಯೋಗ ತಂದು, ಮುಂದಿನದಕ್ಕೆ ಮತ್ತೆ ಅದೇ ಬಾಗಿಲು ತಟ್ಟುವುದು ದುಬಾರಿ. ಮೊದಲ ಸಲದ ಹೆಚ್ಚು ಖರ್ಚನ್ನು ಸಹಿಸಿ ವಿನ್ಯಾಸದ ಶಕ್ತಿಯನ್ನು ಇಲ್ಲಿಯೇ ಬೆಳೆಸಿದರೆ ಎರಡನೆಯದೂ ಮೂರನೆಯದೂ ಅಗ್ಗವಾಗುತ್ತವೆ. 1966ರ ಜನವರಿಯಲ್ಲಿ ಮುಂಬಯಿಯಲ್ಲಿ ವೈಜ್ಞಾನಿಕ ಒಕ್ಕೂಟಗಳ ಅಂತರರಾಷ್ಟ್ರೀಯ ಮಂಡಳಿಯ ಸಭೆಯಲ್ಲಿ ಮಾಡಿದ ಭಾಷಣದಲ್ಲಿಯೂ ಭಾಭಾ ಇದೇ ವಾದವನ್ನು ಮಂಡಿಸಿದರು. ಪರರ ಸಲಹೆಯನ್ನೇ ಊರುಗೋಲಾಗಿಸಿಕೊಂಡ ಉದ್ಯಮ ಸ್ವಂತ ಕಾಲಿನ ಬಲವನ್ನು ಕಳೆದುಕೊಳ್ಳುತ್ತದೆ ಎಂಬ ಭಾವ ಅದರಲ್ಲಿತ್ತು.

ಇಷ್ಟಾದರೂ ಭಾಭಾ ತಮ್ಮ ತತ್ವಕ್ಕೆ ತಾವೇ ವಿನಾಯಿತಿ ಕೊಟ್ಟ ಸಂದರ್ಭವೂ ಉಂಟು. ತಾರಾಪುರದ ಎರಡು ವಿದ್ಯುತ್ ಸ್ಥಾವರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಸಿದ್ಧರೂಪದಲ್ಲಿಯೇ ಪಡೆಯಲು 1964ರಲ್ಲಿ ಒಪ್ಪಂದವಾಯಿತು. ಅಣುವಿದ್ಯುತ್ ಲಾಭದಾಯಕವೆಂದು ಬೇಗನೆ ತೋರಿಸಿಕೊಡುವ ಆತುರ ಅದರ ಹಿಂದಿತ್ತು. ಅಣುವಿದ್ಯುತ್ತಿನ ಪ್ರಮಾಣದ ಬಗ್ಗೆ ಅವರು ಕಟ್ಟಿದ್ದ ಅಂದಾಜುಗಳೂ ಕೈಗೂಡಲಿಲ್ಲ. ಮಹತ್ವಾಕಾಂಕ್ಷೆ ಅವರ ಯೋಜನೆಗಳ ಶಕ್ತಿಯಾದಂತೆ ದೌರ್ಬಲ್ಯವೂ ಆಗಿತ್ತು.

ಅಕಾಲ ಅಂತ್ಯ

ಆ ತಿಂಗಳು ದೇಶಕ್ಕೆ ಒಳ್ಳೆಯದಾಗಿರಲಿಲ್ಲ. ಜನವರಿ 11ರಂದು ತಾಷ್ಕೆಂಟ್‌ನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ನಿಧನರಾದರು. ಜನವರಿ 24ರಂದು ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಬೆಳಗ್ಗೆ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಜಿನೀವಾದಲ್ಲಿ ಇಳಿಯುವ ಮುನ್ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. 117 ಮಂದಿ ಮೃತಪಟ್ಟರು. ವಿಮಾನದ ಒಂದು ದಿಕ್ಸೂಚಿ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ. ಕೆಳಗಿನಿಂದ ರಾಡಾರ್ ನೋಡಿ ತಿಳಿಸಿದ ಸ್ಥಾನವನ್ನು ವಿಮಾನಚಾಲಕರು ತಪ್ಪಾಗಿ ಗ್ರಹಿಸಿ, ಶಿಖರವನ್ನು ದಾಟಿಯಾಯಿತೆಂದು ಭಾವಿಸಿದರೆಂಬುದು ತನಿಖೆಯ ತೀರ್ಮಾನ. ಆ ಸಾವಿನ ಸುತ್ತ ಸಂಚಿನ ಕಥೆಗಳು ಆಗಾಗ ತಲೆಯೆತ್ತಿವೆ. ಆದರೆ ಸರಿಯಾದ ಸ್ಥಾನದ ಅರಿವು ಸರಿಯಾದ ಕ್ಷಣಕ್ಕೆ ತಲುಪದೇ ಹೋದದ್ದಷ್ಟೇ ತನಿಖೆ ಹೇಳುವ ಕಾರಣ. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಅವರು ಅವಿವಾಹಿತರಾಗಿಯೇ ಉಳಿದಿದ್ದರು.

ಎಲೆಕ್ಟ್ರಾನಿಕ್ಸ್ ಸಮಿತಿಯ ವರದಿ ಪ್ರಕಟವಾದದ್ದು ಅವರ ಮರಣಾನಂತರ, ಅದೇ 1966ರಲ್ಲಿ. ಜನ ಅದನ್ನು ಭಾಭಾ ವರದಿ ಎಂದೇ ಕರೆದರು.

ಉಳಿದದ್ದು, ಉಳಿಯದ್ದು

ವರದಿಯನ್ನು ಕಾರ್ಯಗತಗೊಳಿಸುವ ಹೊಣೆ ಮೊದಲ ಕೆಲವು ವರ್ಷ ರಕ್ಷಣಾ ಸಚಿವಾಲಯದ ಕಡೆಗೆ ಹೋಯಿತು. ಕೆಲಸ ನಿಧಾನವಾಗುತ್ತಿದೆ ಎಂದು ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಅಸಮಾಧಾನಪಟ್ಟರು. ಎಲೆಕ್ಟ್ರಾನಿಕ್ಸ್ ಯಾರ ಸ್ವತ್ತು ಎಂಬ ಜಗ್ಗಾಟದಲ್ಲಿ ಹತ್ತು ವರ್ಷಗಳ ಯೋಜನೆಯ ಮೊದಲ ನಾಲ್ಕು ವರ್ಷಗಳು ಕಳೆದವು. 1970ರಲ್ಲಿ ಪ್ರತ್ಯೇಕ ಎಲೆಕ್ಟ್ರಾನಿಕ್ಸ್ ಇಲಾಖೆಯೂ 1971ರಲ್ಲಿ ಎಂ.ಜಿ.ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಆಯೋಗವೂ ಅಸ್ತಿತ್ವಕ್ಕೆ ಬಂದವು. ಆಯೋಗದ ಸ್ವರೂಪಕ್ಕೆ ಅಣುಶಕ್ತಿ ಆಯೋಗವೇ ಮಾದರಿ. ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯೊಂದರ ಮೂಲಕ ವಿಶ್ವವಿದ್ಯಾನಿಲಯಗಳ ಯೋಜನೆಗಳಿಗೂ ಅದು ಹಣ ನೀಡತೊಡಗಿತು. ಸಹಾ ಅವರ ಆಕ್ಷೇಪಕ್ಕೆ ತಡವಾಗಿ ದೊರೆತ ಅಲ್ಪ ಸಮಾಧಾನವಿದು.

ಟ್ರಾಂಬೆಯ ಎಲೆಕ್ಟ್ರಾನಿಕ್ಸ್ ತಂಡದ ಕುಡಿ 1967ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಎಂಬ ಸಾರ್ವಜನಿಕ ಉದ್ಯಮವಾಗಿ ಬೇರೂರಿತು. ಸಾಂಬಶಿವರಾವ್ ಅದರ ಮೊದಲ ವ್ಯವಸ್ಥಾಪಕ ನಿರ್ದೇಶಕರು. 1969ರಲ್ಲಿ ಅಲ್ಲಿಂದ ಹೊರಬಂದ ಟಿಡಿಸಿ 12 ಎಂಬ ಗಣಕ ಟ್ರಾಂಬೆಯಲ್ಲಿಯೇ ವಿನ್ಯಾಸಗೊಂಡದ್ದು. ಆ ಸಾಲಿನ ಯಂತ್ರಗಳು ಲೆಕ್ಕಪತ್ರದ ಕೆಲಸಕ್ಕಿಂತ ಹೆಚ್ಚಾಗಿ ಪ್ರಯೋಗಶಾಲೆ ಮತ್ತು ಸ್ಥಾವರಗಳಲ್ಲಿ ಅಳತೆ ಹಾಗೂ ನಿಯಂತ್ರಣಕ್ಕೆ ಒದಗಿದವು. ಬೆಂಗಳೂರಿನ ಎಣಿಕೆ ಮಂಡಲಗಳಿಂದ ಅಪ್ಸರಾದ ನಿಯಂತ್ರಣ ಫಲಕಕ್ಕೆ, ಅಲ್ಲಿಂದ ರಿಯಲ್ ಟೈಮ್ ಗಣಕಕ್ಕೆ ಸಾಗಿದ ದಾರಿ ಸುಮಾರು ಮೂವತ್ತು ವರ್ಷ ಹಿಡಿಯಿತು. ಯಾವ ಒಂದು ಪಂಚವಾರ್ಷಿಕ ಯೋಜನೆಯ ಲೆಕ್ಕಕ್ಕೂ ಸಿಗದ ಅವಧಿಯಿದು. ನಡುವೆ ಎಲ್ಲಿಯಾದರೂ ಫಲ ಕಾಣಲಿಲ್ಲವೆಂದು ಹಣ ನಿಂತಿದ್ದರೆ ಸರಪಳಿ ತುಂಡಾಗುತ್ತಿತ್ತು.

ಉಳಿಯದೇ ಹೋದದ್ದು ಬಿಡಿಭಾಗಗಳ ಕನಸು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸಿತು. ಚಂಡೀಗಢದ ಬಳಿ ಮೊಹಾಲಿಯಲ್ಲಿ ಸರ್ಕಾರವೇ ಚಿಪ್ ಕಾರ್ಖಾನೆ ತೆರೆಯಿತು. 1989ರಲ್ಲಿ ಆ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು, ಕಳೆದ ವರ್ಷಗಳು ಮರಳಲಿಲ್ಲ. ವಿನ್ಯಾಸದಲ್ಲಿ ಕನ್ನಡ ನಾಡಿನ ರಾಜಧಾನಿ ಜಗತ್ತಿಗೇ ಹೆಸರಾದರೂ ಆ ವಿನ್ಯಾಸಗಳು ಅಚ್ಚಾಗುತ್ತಿದ್ದುದು ಹೊರದೇಶಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅರೆವಾಹಕ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಗಳ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿದಾಗ ಭಾಭಾ ವರದಿಗೆ ಐವತ್ತೈದು ವರ್ಷ ತುಂಬಿತ್ತು.

ಹಣ ಎಷ್ಟು ಎಂಬುದಕ್ಕಿಂತ ಅದು ಯಾರನ್ನು ಬೆಳೆಸುತ್ತದೆ, ಎಷ್ಟು ಕಾಲ ಕಾಯುತ್ತದೆ ಎಂಬುದನ್ನು ಭಾಭಾ ಮೊದಲು ಕೇಳುತ್ತಿದ್ದರು. ಆ ಎರಡು ಪ್ರಶ್ನೆಗಳಿಗೆ ಅವರು ಕಂಡುಕೊಂಡ ಉತ್ತರ ಕೆಲವೇ ಸಂಸ್ಥೆಗಳ ಗೋಡೆಯೊಳಗೆ ಫಲಿಸಿತು. ಗೋಡೆಯ ಹೊರಗಿನ ನೂರಾರು ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದನ್ನು ತಲುಪಿಸುವ ಕೆಲಸ ಅವರ ಕಾಲದಲ್ಲಿ ಆಗಲಿಲ್ಲ. ಅನಂತರದವರ ಪಾಲಿಗೆ ಉಳಿಯಿತು.